ಓ ಮೈ ಗಾಶ್! ಈ ಗಾಶ್ ಯಾರು?

ಪ್ರಶ್ನೆ: ಮೇಡಂ, ನಮ್ಮ ಟೀಮಲ್ಲಿ ಅಮೆರಿಕದವಳೊಬ್ಬಳು ಇದಾಳೆ, ವಿಡಿಯೋ ಕಾಲಲ್ಲಿ ಮಾತುಮಾತಿಗೂ ‘ಓ ಮೈ ಗಾಶ್’ ಅಂತಾಳೆ. ಶುರುವಲ್ಲಿ ನಾನು ಗಾಡ್ ಅಂತಾನೇ ಅಂದ್ಕೊಂಡಿದ್ದೆ, ನೆಟ್‌ವರ್ಕ್ ಸರಿ ಇಲ್ಲ, ಕೊನೆ ಅಕ್ಷರ ಒಡೆದು ಕೇಳ್ತಿದೆ ಅಂತ. ಆಮೇಲೆ ನೋಡಿದ್ರೆ ಚಾಟಲ್ಲೂ ಹಂಗೇ ಟೈಪ್ ಮಾಡಿದ್ಲು. ಡಿಕ್ಷನರಿ ತೆಗೆದ್ರೆ ‘ಆಶ್ಚರ್ಯಸೂಚಕ ಉದ್ಗಾರ’ ಅಂತ ಎರಡು ಪದ ಬರೆದು ಕೈ ತೊಳ್ಕೊಂಡಿದಾರೆ. ಗಾಶ್ ಅಂದ್ರೆ ಏನು, ಯಾರ ಹೆಸರು ಅದು, ಎಲ್ಲಿಂದ ಬಂತು?

ಉತ್ತರ: ಡಿಕ್ಷನರಿಯವ್ರನ್ನ ಬೈಬೇಡಿ ಪಾಪ. ಉದ್ಗಾರಕ್ಕೆ ಅರ್ಥ ಬರೆಯೋದು ಗಾಳಿಗೆ ಗಂಟು ಹಾಕೋ ಕೆಲಸ, ‘ಅಯ್ಯೋ’ ಅಂದ್ರೆ ಏನು ಅಂತ ಆ ಹುಡುಗಿ ನಿಮ್ಮನ್ನ ತಿರುಗಿ ಕೇಳಿದ್ರೆ ನೀವೂ ಒಂದ್ನಿಮಿಷ ತಲೆ ಕೆರ್ಕೋತೀರಿ. ಆದ್ರೆ ಗಾಶ್ ವಿಷ್ಯದಲ್ಲಿ ನಿಮ್ಮ ಕಿವಿ ಮೊದಲ ದಿನ ಹೇಳಿದ್ದೇ ಸರಿ, ಅದು ಗಾಡ್ ಅನ್ನೋ ಪದಾನೇ. ನೆಟ್‌ವರ್ಕ್ ಏನೂ ಮಾಡಿಲ್ಲ, ಕೊನೆ ಅಕ್ಷರಾನ ಬೇಕಂತಲೇ ಕೆಡಿಸಿರೋದು, ಕೆಡಿಸಿದವರು ಇನ್ನೂರೈವತ್ತು ವರ್ಷಕ್ಕೂ ಹಿಂದಿನ ಇಂಗ್ಲೆಂಡಿನವರು. ಗಾಶ್ ಅನ್ನೋ ರೂಪ ಬರಹದಲ್ಲಿ ಮೊದಲು ಕಂಡಿದ್ದು ಅಂತ ಡಿಕ್ಷನರಿಗಳು ಕೊಡೋ ವರ್ಷ 1757. ಅದಕ್ಕೂ ಇನ್ನೂರು ವರ್ಷ ಮುಂಚೆ, 16ನೇ ಶತಮಾನದ ಮಧ್ಯದಲ್ಲಿ, ‘ಬೈ ಗಾಸ್’ ಅಂತ ಒಂದು ಇತ್ತು, ಇದು ಬಹುಶಃ ಅದರ ಮರಿಮಗ. ‘ಬೈ ಗಾಡ್’ ಅಂದ್ರೆ ದೇವರಾಣೆ. ‘ಬೈ ಗಾಶ್’ ಅಂದ್ರೆ ಏನು ಹೇಳೋಣ, ದೇವರಾಣೆ ಅನ್ನೋಕೆ ಹೋಗಿ ಕೊನೇ ಗಳಿಗೇಲಿ ನಾಲಿಗೆ ತಿರುಗಿಸಿ ‘ದೇವದಾರಾಣೆ’ ಅಂದ್ಬಿಟ್ರೆ ಹೆಂಗಿರುತ್ತೆ, ಹಂಗೆ.

ಯಾಕಪ್ಪಾ ಇಷ್ಟು ಸರ್ಕಸ್ಸು ಅಂದ್ರೆ, ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಒಂದಿದೆ, ದೇವರ ಹೆಸರನ್ನ ಸುಮ್‌ಸುಮ್ನೆ ಎತ್ತಬೇಡಿ ಅಂತ. ಪ್ರಾರ್ಥನೆಲಿ ಎತ್ತಿ, ಕೋರ್ಟಲ್ಲಿ ಸಾಕ್ಷಿ ಹೇಳೋವಾಗ ಎತ್ತಿ, ಆದ್ರೆ ಕಾಲಿಗೆ ಕಲ್ಲು ಎಡವಿದಾಗ, ಇಸ್ಪೀಟಲ್ಲಿ ಸೋತಾಗ, ಪಕ್ಕದವನ ಹೊಸ ಕುದುರೆ ನೋಡಿ ಬಾಯಿ ಬಿಟ್ಟಾಗ ಎತ್ತಬೇಡಿ, ಅದು ಪಾಪ. ಸರಿ, ಆಜ್ಞೆ ಕಲ್ಲಿನ ಮೇಲೆ ಬರೆದಾಯ್ತು, ನಾಲಿಗೆ ಮೇಲೆ ಬರೆಯೋರು ಯಾರು? ಎಡವಿದ ತಕ್ಷಣ ಬಾಯಿ ತೆರೆಯುತ್ತೆ, ‘ಗಾ’ ಅನ್ನೋದು ಹೊರಗೆ ಬಂದಾಗಿರುತ್ತೆ, ಆಗ ನೆನಪಾಗುತ್ತೆ ಅಮ್ಮ ಪಕ್ಕದಲ್ಲೇ ನಿಂತಿದಾಳೆ ಅಂತ, ಹಿಂದಕ್ಕೆ ನುಂಗೋಕೆ ಆಗಲ್ಲ ಮುಂದಕ್ಕೆ ಬಿಡೋಕೂ ಆಗಲ್ಲ, ‘ಡ್’ ಬರಬೇಕಾದ ಜಾಗಕ್ಕೆ ‘ಶ್’ ಅಂತ ಜಾರಿಸಿಬಿಡೋದು. ಶುರು ದೇವರದ್ದು, ಕೊನೆ ಯಾರದ್ದೂ ಅಲ್ಲ. ಇಂಥ ಪದಗಳಿಗೆ ಇಂಗ್ಲಿಷಲ್ಲಿ ‘ಮಿನ್ಸ್‌ಡ್ ಓತ್’ ಅಂತಾರೆ, ಕೊಚ್ಚಿ ಮೆತ್ತಗೆ ಮಾಡಿದ ಆಣೆ ಅಂತ ಅಂದ್ಕೊಳ್ಳಿ. ನಾವೂ ಅಷ್ಟೇ, ಬಾಯಿಗೆ ಬೈಗುಳ ಬಂದಾಗ ಎದುರಿಗೆ ಹಿರಿಯರು ಕಂಡ್ರೆ ಮೊದಲಕ್ಷರ ಇಟ್ಕೊಂಡು ಮಿಕ್ಕಿದ್ದನ್ನ ಬೇರೆ ಪದಕ್ಕೆ ತಿರುಗಿಸ್ತೀವಲ್ಲ, ಸೇಮ್ ಟೆಕ್ನಿಕ್ಕು.

ಆದ್ರೆ ನಾವು ತಿರುಗಿಸೋದು ಬೈಗುಳಾನ, ದೇವರ ಹೆಸರನ್ನಲ್ಲ, ಅದಕ್ಕೇ ಗಾಶ್ ನಮಗೆ ಒಗಟಾಗಿ ಕಾಣೋದು. ಕನ್ನಡದಲ್ಲಿ ಆಶ್ಚರ್ಯ ಆದ್ರೂ ‘ಶಿವನೇ’, ಗಾಬರಿ ಆದ್ರೂ ‘ಅಯ್ಯೋ ದೇವ್ರೇ’, ಅಸಹ್ಯ ಆದ್ರೂ ‘ರಾಮ ರಾಮಾ’, ಯಾರೂ ಮುಖ ಸಿಂಡರಿಸಲ್ಲ. ಅಜಾಮಿಳನ ಕತೆ ಗೊತ್ತಲ್ಲ, ಸಾಯೋ ಹೊತ್ತಲ್ಲಿ ‘ನಾರಾಯಣಾ’ ಅಂದ, ಅವ್ನು ಕರೆದಿದ್ದು ಮಗನ್ನ, ಆದ್ರೂ ಯಮದೂತರು ಬರಿಗೈಲಿ ವಾಪಸ್ ಹೋಗ್ಬೇಕಾಯ್ತು. ಬಾಯಿತಪ್ಪಿ ಬಂದ ಹೆಸರೂ ಪುಣ್ಯದ ಖಾತೆಗೇ ಹೋಗುತ್ತೆ ಅಂತ ನಂಬಿರೋ ಭಾಷೇಲಿ ಆ ಹೆಸರಿಗೆ ಮುಸುಕು ಯಾಕೆ ಬೇಕು. ಅಲ್ಲಿ ಬಾಯಿತಪ್ಪಿ ಬಂದ್ರೇ ಕಷ್ಟ, ಹಾಗಾಗಿ ಮುಸುಕುಗಳ ಅಂಗಡೀನೇ ತೆರೆದ್ರು. (ನಾನು ಚಿಕ್ಕವಳಿದ್ದಾಗ ಇಂಗ್ಲಿಷ್ ಕಾಮಿಕ್ಸ್ ಓದ್ತಾ ಗಾಶ್ ಅಂದ್ರೆ ಯಾವ್ದೋ ಹುಡುಗನ ಹೆಸರು, ಎಲ್ಲರೂ ಅವನನ್ನ ಕರೀತಾನೇ ಇರ್ತಾರೆ, ಅವ್ನು ಮಾತ್ರ ಬರೋದೇ ಇಲ್ಲ ಅಂದ್ಕೊಂಡಿದ್ದೆ. ಆ ಹುಡುಗನಿಗಾಗಿ ಎಷ್ಟು ಪುಟ ಕಾದಿದೀನೋ.)

ಪ್ರಶ್ನೆ: ಗಾಲಿ, ಜೀ, ಜೀಜ್, ಕ್ರೈಕಿ, ಬ್ಲೈಮಿ, ಡಾರ್ನ್, ಹೆಕ್, ಈ ಥರ ಪದಗಳಿಗೆಲ್ಲ ಅರ್ಥ ಇದೆಯಾ ಅಥವಾ ಸುಮ್ನೆ ಸದ್ದಾ?

ಉತ್ತರ: ಮೇಲೆ ಹೇಳಿದ ಅಂಗಡಿ ಮಾಲೇ ಇದೂ. ಗಾಲಿ ಅನ್ನೋದು ಗಾಡ್‌ನ ಇನ್ನೊಂದು ವೇಷ, ಇದಕ್ಕೆ ಸಿಗೋ ಸಾಕ್ಷಿ ತುಂಬ ಚೆನ್ನಾಗಿದೆ. ಗಿಲ್ಬರ್ಟ್ ವೈಟ್ ಅಂತ 18ನೇ ಶತಮಾನದಲ್ಲಿ ಇಂಗ್ಲೆಂಡಿನ ಸೆಲ್‌ಬೋರ್ನ್ ಹಳ್ಳೀಲಿ ಒಬ್ಬ ಪಾದ್ರಿ ಇದ್ರು, ಹಕ್ಕಿ, ಹುಳ, ಮನೆ ತೋಟದ ಆಮೆ ಇದನ್ನೆಲ್ಲ ದಿನಾ ನೋಡಿ ದಿನಚರಿ ಬರೀತಿದ್ದ ಮನುಷ್ಯ. 1775ರ ದಿನಚರೀಲಿ ಈ ಪದ ಬರೆದಿಟ್ಟು, ಗಾಡಿ ಹೊಡೆಯೋರು ಮತ್ತೆ ತೀರಾ ಕೆಳವರ್ಗದ ಜನ ಬಳಸೋ ಒಂಥರಾ ಖುಷಿಖುಷಿ ಆಣೆ ಇದು ಅಂತ ಟಿಪ್ಪಣಿ ಹಾಕಿದಾರೆ. ನೋಡೋಕೆ ಒಂದೇ ಥರ ಇರೋ ಪುಟ್ಟ ಹಕ್ಕಿಗಳನ್ನ ಕೂಗಿನಿಂದಲೇ ಬೇರೆಬೇರೆ ಜಾತಿ ಅಂತ ಕಂಡುಹಿಡಿದ ಕಿವಿ ಅದು, ಗಾಡಿಯವನ ಕೂಗನ್ನ ಬಿಡುತ್ತಾ.

ಜೀ ಮತ್ತೆ ಜೀಜ್ ಎರಡೂ ಜೀಸಸ್, ಜೀ 19ನೇ ಶತಮಾನದ ಕೊನೆಯ ಅಮೆರಿಕದ್ದು, ಜೀಜ್ ಇನ್ನೂ ಆಮೇಲಿಂದು. ಕ್ರೈಕಿ ಅಂದ್ರೆ ಕ್ರೈಸ್ಟ್. ಮೊಸಳೆ ಹಿಡಿಯೋ ಟೀವಿ ಕಾರ್ಯಕ್ರಮದ ಸ್ಟೀವ್ ಅರ್ವಿನ್ ಇದನ್ನ ಎಷ್ಟು ಹೇಳಿದ್ರು ಅಂದ್ರೆ ಆಸ್ಟ್ರೇಲಿಯಾದ ಪದ ಅಂತಾನೇ ಜನ ತಿಳ್ಕೊಂಡಿದಾರೆ, ಆದ್ರೆ ಅದು 19ನೇ ಶತಮಾನದ ಇಂಗ್ಲೆಂಡಿಂದ ಹಡಗು ಹತ್ತಿ ಹೋಗಿದ್ದು. ಬ್ಲೈಮಿ ನನಗೆ ಇವುಗಳಲ್ಲಿ ಎಲ್ಲಕ್ಕಿಂತ ಇಷ್ಟ. ‘ಗಾಡ್ ಬ್ಲೈಂಡ್ ಮಿ’ ಅನ್ನೋದನ್ನ ಒತ್ತಿ ಹಿಂಡಿ ಮಾಡಿದ್ದು, ಅಂದ್ರೆ ನಾನು ಹೇಳಿದ್ದು ಸುಳ್ಳಾದ್ರೆ ನನ್ನ ಕಣ್ಣು ಹೋಗ್ಲಿ ಅಂತ. ಎಷ್ಟು ನಮ್ಮೋರ ಮಾತಿನ ಥರ ಇದೆ ನೋಡಿ! ಇವತ್ತು ಬ್ಲೈಮಿ ಅನ್ನೋ ಲಂಡನ್ನಿನವನಿಗೆ ತಾನು ಕಣ್ಣು ಪಣಕ್ಕಿಡ್ತಿದೀನಿ ಅಂತ ಗೊತ್ತೇ ಇರಲ್ಲ. ಡಾರ್ನ್ ಅಂದ್ರೆ ಡ್ಯಾಮ್, ಹೆಕ್ ಅಂದ್ರೆ ಹೆಲ್, ಇವೆರಡರಲ್ಲಿ ಹೇಳೋಕೆ ಜಾಸ್ತಿ ಏನಿಲ್ಲ.

ಇಂಗ್ಲಿಷ್‌ನೋರೊಬ್ಬರೇ ಅಲ್ಲ, ಫ್ರೆಂಚರೂ ಇದರಲ್ಲಿ ಪಳಗಿದೋರು. ಸಾಕ್ರೆಬ್ಲೂ, ಪಾರ್ಬ್ಲೂ ಅಂತೆಲ್ಲ ಕೇಳಿರ್ತೀರಲ್ಲ, ಆ ಬ್ಲೂಗೂ ನೀಲಿಗೂ ಸಂಬಂಧ ಇಲ್ಲ, ದೇವರು ಅನ್ನೋದಕ್ಕೆ ಅವರ ಪದ ‘ದ್ಯೂ’, ಅದಕ್ಕೆ ಪ್ರಾಸ ಸಿಕ್ತು ಅಂತ ಬ್ಲೂ ಅಂಟಿಸಿದ್ದು. ಇನ್ನೂ ಹಿಂದಕ್ಕೆ ಹೋದ್ರೆ ಸಾಕ್ರೆಟಿಸ್, ಪ್ಲೇಟೋ ಬರೆದಿರೋ ಸಂವಾದಗಳಲ್ಲಿ ಅವನು ಆಗಾಗ ‘ನಾಯಿ ಆಣೆ’ ಅಂತಾನೆ. ನಿಜವಾಗ್ಲೂ. ಗಂಭೀರವಾಗಿ ನ್ಯಾಯ ಅಂದ್ರೆ ಏನು ಆತ್ಮ ಅಂದ್ರೆ ಏನು ಅಂತ ಮಾತಾಡ್ತಾ ಮಧ್ಯದಲ್ಲಿ ನಾಯಿ ಆಣೆ.

ಪ್ರಶ್ನೆ: ಸ್ವೇರ್ ಅಂದ್ರೆ ಪ್ರಮಾಣ ಮಾಡೋದು ಅಂತ ಶಾಲೇಲಿ ಹೇಳ್ಕೊಟ್ರು. ಹಾಗಾದ್ರೆ ಸ್ವೇರ್ ವರ್ಡ್ ಅಂದ್ರೆ ಪ್ರಮಾಣವಚನ ಆಗ್ಬೇಕಿತ್ತು, ಬೈಗುಳ ಹೇಗಾಯ್ತು?

ಉತ್ತರ: ಒಳ್ಳೇ ಪ್ರಶ್ನೆ, ಗಾಶ್ ಪ್ರಶ್ನೆಗೆ ಬೆನ್ನು ಇದೇ. ಆಗಿನ ಕಾಲದ ಇಂಗ್ಲಿಷ್‌ನೋರು ಕೋಪ ಬಂದ್ರೆ ಬೈತಿದ್ದ ರೀತೀನೇ ಆಣೆ ಹಾಕೋದು. ನಮ್ಮಲ್ಲಿ ಕೆಟ್ಟ ಬೈಗುಳ ಅಂದ್ರೆ ಎದುರಿಗಿರೋನ ಅಪ್ಪ ಅಮ್ಮ ಮನೆತನ ಎಲ್ಲ ಬರುತ್ತೆ, ಮಧ್ಯಯುಗದ ಇಂಗ್ಲೆಂಡಲ್ಲಿ ಮೈ ನಡುಗಿಸ್ತಿದ್ದ ಮಾತು ಅಂದ್ರೆ ‘ದೇವರ ಮೂಳೆ ಆಣೆ’, ‘ದೇವರ ರಕ್ತದಾಣೆ’. ಕೋರ್ಟಲ್ಲಿ ಒಂದ್ಸಲ ಹೇಳಬೇಕಾದ್ದನ್ನ ಹೆಂಡದಂಗಡೀಲಿ ನೂರು ಸಲ ಹೇಳೋದು, ಅದೇ ಅಪರಾಧ. ಹಾಗಾಗಿ ಸ್ವೇರ್ ಅನ್ನೋ ಒಂದೇ ಪದ ನ್ಯಾಯಾಧೀಶನ ಮುಂದೆ ಪವಿತ್ರ, ಬೀದೀಲಿ ಹೊಲಸು. ಕನ್ನಡದಲ್ಲಿ ಆಣೆ ಒಂದು ದಾರಿ ಬೈಗುಳ ಇನ್ನೊಂದು ದಾರಿ, ಎರಡೂ ಎಲ್ಲೂ ಸೇರಲೇ ಇಲ್ಲ.

ಇನ್ನೊಂದು ಹೇಳ್ತೀನಿ, ನೀವು ಪ್ರಶ್ನೆ ಕೇಳಿ ನಾನು ಆನ್ಸರ್ ಕೊಡ್ತಿದೀನಲ್ಲ, ಆ ಆನ್ಸರ್ ಒಳಗೂ ಸ್ವೇರ್ ಕೂತಿದೆ. ಹಳೇ ಇಂಗ್ಲಿಷಲ್ಲಿ ‘ಆಂಡ್‌ಸ್ವಾರು’, ‘ಆಂಡ್’ ಅಂದ್ರೆ ಎದುರು, ‘ಸ್ವಾರು’ ಅಂದ್ರೆ ಪ್ರಮಾಣದ ಮಾತು, ಒಬ್ಬ ಆಪಾದನೆ ಮಾಡಿದ್ರೆ ಅದಕ್ಕೆ ಎದುರಾಗಿ ಆಣೆ ಇಟ್ಟು ಹೇಳೋ ಮಾತೇ ಆನ್ಸರ್. ಆ ಲೆಕ್ಕದಲ್ಲಿ ಈ ಅಂಕಣದಲ್ಲಿ ನಾನು ವರ್ಷಗಟ್ಟಲೆಯಿಂದ ಆಣೆ ಹಾಕ್ತಾ ಕೂತಿದೀನಿ.

ಪ್ರಶ್ನೆ: ಎಂ.ಎ. ಇಂಗ್ಲಿಷ್ ಓದ್ತಿದೀನಿ ಮೇಡಂ. ಶೇಕ್ಸ್‌ಪಿಯರ್‌ನ ಒಥೆಲೋ ನಾಟಕದ ಒಂದು ಹಳೇ ಪ್ರತೀಲಿ ಖಳನಾಯಕ ಇಯಾಗೋನ ಮೊದಲ ಮಾತು ‘ಸ್‌ಬ್ಲಡ್’ ಅಂತ ಶುರುವಾಗುತ್ತೆ, ಇನ್ನೊಂದು ಪ್ರತೀಲಿ ಆ ಪದಾನೇ ಇಲ್ಲ. ಪ್ರಿಂಟಿಂಗ್ ಮಿಸ್ಟೇಕಾ? ಝೌಂಡ್ಸ್ ಅಂತಾನೂ ಒಂದು ಬರುತ್ತೆ, ಅದೂ ಕೆಲವು ಕಡೆ ಮಾಯ.

ಉತ್ತರ: ಮಿಸ್ಟೇಕ್ ಅಲ್ಲ, ಕಾನೂನು. ಮೊದಲು ಪದ ನೋಡೋಣ. ಸ್‌ಬ್ಲಡ್ ಅಂದ್ರೆ ‘ಗಾಡ್ಸ್ ಬ್ಲಡ್’, ದೇವರ ರಕ್ತ, ಅದರಲ್ಲಿ ಗಾಡ್ ಪೂರ್ತಿ ಕರಗಿಹೋಗಿ ಬಾಲದ ‘ಸ್’ ಒಂದು ಉಳಿದಿದೆ. ಝೌಂಡ್ಸ್ ಅಂದ್ರೆ ‘ಗಾಡ್ಸ್ ವೂಂಡ್ಸ್’, ಶಿಲುಬೆ ಮೇಲೆ ಯೇಸುವಿಗಾದ ಗಾಯಗಳು, ಇವತ್ತು ಝೌಂಡ್ಸ್ ಅಂತ ಓದೋದ್ರಿಂದ ಒಳಗಿರೋ ಗಾಯ ಕಿವಿಗೆ ಬೀಳೋದೇ ಇಲ್ಲ. ಗ್ಯಾಡ್‌ಝೂಕ್ಸ್ ಅಂತ ಇನ್ನೊಂದಿದೆ, ಅದು ‘ಗಾಡ್ಸ್ ಹುಕ್ಸ್’, ಶಿಲುಬೆಗೆ ಹೊಡೆದ ಮೊಳೆಗಳು ಅಂತ ಹೇಳ್ತಾರೆ. ‘ಸ್‌ಲಿಡ್’ ಅಂದ್ರೆ ದೇವರ ಕಣ್ಣುರೆಪ್ಪೆ! ಕಣ್ಣುರೆಪ್ಪೆ ಮೇಲೆ ಆಣೆ ಹಾಕೋದು ಯಾರಿಗೆ ಹೊಳೀತೋ.

ಮೈಯ ಒಂದೊಂದು ಭಾಗ ಯಾಕೆ ಹಿಡ್ಕೊಂಡ್ರು ಅಂದ್ರೆ, ಹಂಗೆ ಹೇಳಿದ್ರೇನೇ ಖಾರ ಜಾಸ್ತಿ. 14ನೇ ಶತಮಾನದ ಕೊನೇಲಿ ಚಾಸರ್ ಅನ್ನೋ ಇಂಗ್ಲಿಷ್ ಕವಿ ಬರೆದ ಕತೇಲಿ ಒಬ್ಬ ಧರ್ಮೋಪದೇಶ ಮಾಡ್ತಾ ಹೇಳ್ತಾನೆ, ಹೀಗೆ ಅಂಗ ಅಂಗದ ಮೇಲೆ ಆಣೆ ಹಾಕೋ ಕುಡುಕರು ಕ್ರಿಸ್ತನ ದೇಹಾನ ಮತ್ತೆ ಹರೀತಿದಾರೆ ಅಂತ. ಅದು ಬರೀ ಅಲಂಕಾರದ ಮಾತಲ್ಲ, ಆಗಿನ ಜನ ಅದನ್ನ ಹೆಚ್ಚುಕಡಿಮೆ ಹಾಗೇ ನಂಬಿದ್ರು, ನೀನು ಇಲ್ಲಿ ‘ದೇವರ ಮೂಳೆ’ ಅಂದ್ರೆ ಅಲ್ಲಿ ಮೂಳೆ ನೋಯುತ್ತೆ.

ಈಗ ಕಾನೂನು. ಒಥೆಲೋ ಬರೆದಿದ್ದು 1603-04ರ ಆಸುಪಾಸು. 1606ರಲ್ಲಿ ಒಂದನೇ ಜೇಮ್ಸ್ ರಾಜನ ಕಾಲದಲ್ಲಿ ಪಾರ್ಲಿಮೆಂಟು ನಾಟಕದವರ ಬಾಯಿಗೆ ಬೀಗ ಹಾಕೋಕೆ ಅಂತಾನೇ ಒಂದು ಕಾಯ್ದೆ ಮಾಡ್ತು, ರಂಗದ ಮೇಲೆ ದೇವರು, ಯೇಸುಕ್ರಿಸ್ತ, ಪವಿತ್ರಾತ್ಮ, ತ್ರಿತ್ವ ಇವರ ಹೆಸರನ್ನ ತಮಾಷೆಗೋ ಅಗೌರವವಾಗೋ ಎತ್ತಿದ್ರೆ ಪ್ರತಿ ಸಲಕ್ಕೆ 10 ಪೌಂಡ್ ದಂಡ. ಆ ಕಾಲಕ್ಕೆ ಅದು ಭಾರೀ ದುಡ್ಡು. ಅದರಲ್ಲೂ ಕಿಲಾಡಿತನ ನೋಡಿ, ದಂಡದ ಅರ್ಧ ರಾಜನಿಗೆ, ಇನ್ನರ್ಧ ಕೇಸು ಹಾಕಿದವನಿಗೆ. ಅಂದ್ರೆ ನಾಟಕ ನೋಡೋಕೆ ಬಂದಿರೋನು ಕಿವಿ ನಿಮಿರಿಸಿ ಕೂತು ಒಂದು ‘ಝೌಂಡ್ಸ್’ ಹಿಡಿದ್ರೆ 5 ಪೌಂಡ್ ಸಂಪಾದನೆ, ಇಂಥ ಪ್ರೇಕ್ಷಕನ ಮುಂದೆ ಯಾವ ನಟ ಬಾಯಿ ಬಿಡ್ತಾನೆ.

ಕಾಯ್ದೆ ಇದ್ದಿದ್ದು ರಂಗಕ್ಕೆ, ಪುಸ್ತಕಕ್ಕಲ್ಲ. ಹಾಗಾಗಿ 1622ರ ಬಿಡಿ ಪ್ರತಿ, ಅದನ್ನ ಕ್ವಾರ್ಟೊ ಅಂತಾರೆ, ಅದರಲ್ಲಿ ಆಣೆಗಳು ಹಾಗೇ ಉಳಿದಿವೆ, ಒಂದೇ ವರ್ಷ ಆದ್ಮೇಲೆ 1623ರಲ್ಲಿ ಬಂದ ದಪ್ಪ ಸಂಗ್ರಹ, ಫೋಲಿಯೊ, ಅದರಲ್ಲಿ ಅವನ್ನ ಆರಿಸಿ ಆರಿಸಿ ಕಿತ್ತಿದಾರೆ. ಕಿತ್ತಿದ್ದಕ್ಕೆ ಕಾರಣ ಏನು ಅಂದ್ರೆ ಹೆಚ್ಚಿನ ವಿದ್ವಾಂಸರು ಈ ಕಾಯ್ದೆ ಕಡೆಗೇ ಬೊಟ್ಟು ಮಾಡ್ತಾರೆ. ಕ್ವಾರ್ಟೊದಲ್ಲಿ ‘ಸ್‌ಬ್ಲಡ್, ನೀನು ನನ್ನ ಮಾತು ಕೇಳೋದೇ ಇಲ್ಲ’ ಅಂತ ಸಿಡುಕೋ ಇಯಾಗೋ ಫೋಲಿಯೊದಲ್ಲಿ ‘ಆದ್ರೆ ನೀನು ನನ್ನ ಮಾತು ಕೇಳಲ್ಲ’ ಅಂತ ಸಭ್ಯವಾಗಿ ಶುರುಮಾಡ್ತಾನೆ. ಆಮೇಲೆ ನಡುರಾತ್ರೀಲಿ ನಾಯಕಿಯ ಅಪ್ಪ ಬ್ರಬಾನ್ಷಿಯೋನ ಎಬ್ಬಿಸಿ ‘ಝೌಂಡ್ಸ್ ಸಾರ್, ನಿಮ್ಮ ಮನೆ ಲೂಟಿ ಆಗಿದೆ’ ಅನ್ನೋ ಕಡೇಲೂ ಫೋಲಿಯೊದಲ್ಲಿ ಬರೀ ‘ಸಾರ್’. ನನ್ನ ಕೇಳಿದ್ರೆ ಕ್ವಾರ್ಟೊ ಇಯಾಗೋನೇ ಸರಿ, ದಂಡಿನಲ್ಲಿ ಬೆಳೆದ ಸಿಪಾಯಿ ಅವ್ನು, ಹೊಟ್ಟೆಕಿಚ್ಚು ಕುದೀತಿರೋನು, ಅವನ ಬಾಯಿಂದ ಮೊದಲು ಬೀಳಬೇಕಾದ್ದು ರಕ್ತಾನೇ. ಪರೀಕ್ಷೇಲಿ ಬರೆಯೋವಾಗ ಇದು ನನ್ನ ಅಭಿಪ್ರಾಯ ಅಂತ ಹಾಕ್ಬೇಡಿ, ನಿಮ್ಮದೇ ಅಂತ ಹಾಕಿ.

ಪ್ರಶ್ನೆ: ಬೀದೀಲಿ ಬೈದ್ರೂ ದಂಡ ಇತ್ತಂತೆ ನಿಜಾನಾ? ಎಷ್ಟು?

ಉತ್ತರ: ನಿಜ. 1745ರ ಕಾಯ್ದೆ ಪ್ರಕಾರ ದಿನಗೂಲಿಯವ್ನು, ಸಾಮಾನ್ಯ ಸಿಪಾಯಿ, ನಾವಿಕ ಇವರಿಗೆ ಒಂದು ಆಣೆಗೆ 1 ಶಿಲಿಂಗ್, ಜಂಟಲ್‌ಮನ್ ದರ್ಜೆಗಿಂತ ಕೆಳಗಿರೋ ಮಿಕ್ಕವರಿಗೆ 2 ಶಿಲಿಂಗ್, ಜಂಟಲ್‌ಮನ್ ಮತ್ತೆ ಅದಕ್ಕೂ ಮೇಲಿನವರಿಗೆ 5. ಎರಡನೇ ಸಲ ಸಿಕ್ಕಿಬಿದ್ರೆ ಡಬಲ್, ಮೂರನೇ ಸಲಕ್ಕೆ ಮೂರು ಪಟ್ಟು. ದೊಡ್ಡೋರಿಗೆ ದೊಡ್ಡ ದಂಡ ಅನ್ನೋದು ಮೇಲ್ನೋಟಕ್ಕೆ ನ್ಯಾಯವಾಗಿ ಕಾಣುತ್ತೆ, ಆದ್ರೆ ದಿನಗೂಲಿಯವನಿಗೆ 1 ಶಿಲಿಂಗ್ ಅಂದ್ರೆ ಹೊಟ್ಟೆಪಾಡಿನ ದುಡ್ಡು, ಜಮೀನ್ದಾರನಿಗೆ 5 ಶಿಲಿಂಗ್ ಅಂದ್ರೆ ಜೇಬಿನ ಚಿಲ್ಲರೆ. ಈ ಕಾಯ್ದೆ ಪುಸ್ತಕದಿಂದ ಪೂರ್ತಿ ಹೋಗಿದ್ದು 1967ರಲ್ಲಿ, ಬೀಟಲ್ಸ್ ಕಾಲದ ತನಕ ಇತ್ತು ಅಂದ್ರೆ ನಂಬ್ತೀರಾ.

ಪ್ರಶ್ನೆ: ಹಳೇ ಹಾಲಿವುಡ್ ಸಿನಿಮಾ ನೋಡೋ ಚಟ ನನಗೆ. ಎಂಥ ರೌಡಿ ಪಾತ್ರ ಆದ್ರೂ ಗಾಶ್, ಗಾಲಿ, ಜೀ ಅಂತ ಮಗು ಥರ ಮಾತಾಡ್ತಾರಲ್ಲ, ಅಮೆರಿಕದವರು ಆಗ ನಿಜವಾಗ್ಲೂ ಅಷ್ಟು ಒಳ್ಳೆಯವರಾ?

ಉತ್ತರ: ಒಳ್ಳೆಯವರಲ್ಲ, ಕತ್ತರಿಗೆ ಹೆದರಿದವರು. 1927ರಲ್ಲಿ ಹಾಲಿವುಡ್‌ನ ನಿರ್ಮಾಪಕರ ಸಂಘ ತಾನೇ ಒಂದು ಪಟ್ಟಿ ಮಾಡ್ಕೊಂಡ್ತು, ಇವನ್ನ ಮಾಡ್ಲೇಬಾರದು, ಇವನ್ನ ಹುಷಾರಾಗಿ ಮಾಡಿ ಅಂತ. ಮಾಡ್ಲೇಬಾರದು ಪಟ್ಟೀಲಿ ಮೊಟ್ಟಮೊದಲನೇ ಐಟಂ ಇದೇ, ಗಾಡ್, ಲಾರ್ಡ್, ಜೀಸಸ್, ಕ್ರೈಸ್ಟ್ ಇವನ್ನ ಭಕ್ತಿಯಿಂದ ಅಲ್ಲದೆ ಬೇರೆ ಥರ ಹೇಳಬಾರದು, ಹೆಲ್, ಡ್ಯಾಮ್ ಕೂಡದು. ಕಿಲಾಡಿಗಳು ಗಾಡ್ ಅನ್ನೋದನ್ನ ‘ಗಾಡ’ ಥರ ಎಳೆದು ಸ್ಪೆಲಿಂಗ್ ಬದಲಾಯಿಸಿ ತಪ್ಪಿಸ್ಕೋಬಾರದು ಅಂತ ಆ ಸ್ಪೆಲಿಂಗನ್ನೂ ಸೇರಿಸಿದ್ರು. ಇನ್ನೊಂದು ತಮಾಷೆ, ಇವನ್ನ ಬಾಯಲ್ಲಿ ಹೇಳಿದ್ರೂ ತಪ್ಪು, ಪರದೆ ಮೇಲೆ ಬರೆದು ತೋರಿಸಿದ್ರೂ ತಪ್ಪು, ಸದ್ದಿಲ್ಲದೆ ಬರೀ ತುಟಿ ಆಡಿಸಿದ್ರೂ ತಪ್ಪು, ಮೂಕಿಚಿತ್ರದ ಕಾಲ ಅಲ್ವಾ, ತುಟಿ ಓದೋ ಪ್ರೇಕ್ಷಕರೂ ಇರ್ತಿದ್ರು. 1930ರಲ್ಲಿ ಇದು ದೊಡ್ಡ ನಿಯಮಾವಳಿ ಆಯ್ತು, 1934ರಿಂದ ಬಿಗಿಯಾಗಿ ಜಾರಿಗೆ ಬಂತು. ಆಗ ಸಂಭಾಷಣೆ ಬರೆಯೋನು ಏನು ಮಾಡ್ಬೇಕು, ಗಾಡಿ ಹೊಡೆಯೋರ ಹಳೇ ಗಾಲಿ, ಅಜ್ಜಿಯರ ಗಾಶ್ ಎಲ್ಲ ಕೆಲಸಕ್ಕೆ ಬಂದ್ವು.

ಡಿಸ್ನಿಯವರದ್ದು ಇನ್ನೂ ಮಜಾ. 1937ರ ಸ್ನೋವೈಟ್ ಚಿತ್ರದಲ್ಲಿ ಕುಳ್ಳರು ಆಶ್ಚರ್ಯ ಆದಾಗ ‘ಜಿಮಿನಿ ಕ್ರಿಕೆಟ್ಸ್’ ಅಂತಾರೆ. 1940ರ ಪಿನೋಕಿಯೋದಲ್ಲಿ ಅದೇ ಹೆಸರನ್ನ ಒಂದು ಮಿಡತೆಯಂಥ ಚಿಮ್ಮಂಡೆ ಹುಳುಕ್ಕೆ ಇಟ್ರು, ಇಂಗ್ಲಿಷಲ್ಲಿ ಆ ಹುಳು ಕ್ರಿಕೆಟ್ಟೇ ಅಲ್ವಾ. ಎರಡು ಪದದ ಮೊದಲಕ್ಷರ ನೋಡಿ, ಜೆ ಮತ್ತೆ ಸಿ. ಜೀಸಸ್ ಕ್ರೈಸ್ಟ್ ಅನ್ನೋಕೆ ಹೋಗಿ ತಿರುಗಿಸಿದ ಉದ್ಗಾರ ಅದು, ಕೊನೆಗೆ ಮಗುವಿಗೆ ಬುದ್ಧಿ ಹೇಳೋ ಹುಳು ಆಗಿ ಕೋಟು ಹ್ಯಾಟು ಹಾಕ್ಕೊಂಡು ನಿಂತಿದೆ. ‘ಜೀಪರ್ಸ್ ಕ್ರೀಪರ್ಸ್’ ಕೂಡ ಅದೇ ಜೆ, ಅದೇ ಸಿ.

ಪ್ರಶ್ನೆ: ಓಎಂಜಿ ಅನ್ನೋದು ಮೊಬೈಲ್ ಬಂದ್ಮೇಲೆ ಹುಟ್ಟಿದ ಪದ ಅಲ್ವಾ? ನಮ್ಮ ಮಗಳು ಅಲ್ಲ ಅಂತ ವಾದ ಮಾಡ್ತಾಳೆ.

ಉತ್ತರ: ಮಗಳೇ ಗೆದ್ದಳು. 1917ರ ಸೆಪ್ಟೆಂಬರಲ್ಲಿ, ಒಂದನೇ ಮಹಾಯುದ್ಧ ನಡೀತಿದ್ದಾಗ, ಬ್ರಿಟಿಷ್ ನೌಕಾಪಡೆಯ ಲಾರ್ಡ್ ಫಿಶರ್ ಅನ್ನೋ ಅಡ್ಮಿರಲ್ಲು ವಿನ್‌ಸ್ಟನ್ ಚರ್ಚಿಲ್‌ಗೆ ಒಂದು ಪತ್ರ ಬರೆದ್ರು. ಹೊಸ ನೈಟ್ ಬಿರುದು ಒಂದನ್ನ ಶುರುಮಾಡ್ತಾರಂತೆ ಅಂತ ವ್ಯಂಗ್ಯವಾಡ್ತಾ ಓಎಂಜಿ ಅಂತ ಬರೆದು, ಪಕ್ಕದಲ್ಲಿ ‘ಓ ಮೈ ಗಾಡ್’ ಅಂತ ಬಿಡಿಸಿ ಹೇಳಿದಾರೆ. ಆಗ ಅವರಿಗೆ 76 ವರ್ಷ. ಆಕ್ಸ್‌ಫರ್ಡ್ ಡಿಕ್ಷನರಿ 2011ರಲ್ಲಿ ಈ ಪದ ಸೇರಿಸಿದಾಗ ಮೊದಲ ಉದಾಹರಣೆ ಅಂತ ಕೊಟ್ಟಿದ್ದು ಈ ಪತ್ರಾನೇ.

ಇದರಲ್ಲಿ ಇನ್ನೊಂದು ಅನುಕೂಲ ಇದೆ, ಜಿ ಅಂದ್ರೆ ಗಾಡೋ ಗಾಶೋ ಹೇಳೋ ಹಂಗೇ ಇಲ್ಲ. ಸಂಪ್ರದಾಯಸ್ಥರ ಮನೆ ಹುಡುಗಿ ಓಎಂಜಿ ಅಂತ ಮೆಸೇಜ್ ಹಾಕಿ ಅಮ್ಮ ಕೇಳಿದ್ರೆ ‘ಗಾಶ್ ಅಮ್ಮ’ ಅನ್ನಬಹುದು. ಹಳೇ ಕಾಲದೋರು ಒಂದು ಅಕ್ಷರ ತಿರುಗಿಸಿದ್ರು, ಈಗಿನೋರು ಮೊದಲಕ್ಷರ ಬಿಟ್ಟು ಎಲ್ಲ ನುಂಗಿದಾರೆ.

ಪ್ರಶ್ನೆ: ‘ಬ್ಲಡಿ’ ಅನ್ನೋದು ‘ಬೈ ಅವರ್ ಲೇಡಿ’ ಅಂದ್ರೆ ಮೇರಿ ಮಾತೆ ಆಣೆ ಅನ್ನೋದ್ರಿಂದ ಬಂತು ಅಂತ ವಾಟ್ಸಾಪಲ್ಲಿ ಬಂದಿದೆ. ಹಾಗೇ ‘ವಾಟ್ ದ ಡಿಕನ್ಸ್’ ಅನ್ನೋದು ಕಾದಂಬರಿಕಾರ ಡಿಕನ್ಸ್‌ನಿಂದ ಅಂತೆ.

ಉತ್ತರ: ಎರಡೂ ಅಲ್ಲ. 17ನೇ ಶತಮಾನದಲ್ಲೇ ‘ಬ್ಲಡಿ ಡ್ರಂಕ್’ ಅಂದ್ರೆ ಸಿಕ್ಕಾಪಟ್ಟೆ ಕುಡಿದವನು ಅಂತ ಬಳಸ್ತಿದ್ರು, ಅಲ್ಲಿ ‘ಮೇರಿ ಮಾತೆ ಆಣೆ ಕುಡಿದವನು’ ಅಂತ ಹಾಕಿ ಓದಿ ನೋಡಿ, ವಾಕ್ಯ ಕುಂಟುತ್ತೆ. ಬ್ಲಡಿ ಅಂದ್ರೆ ರಕ್ತಾನೇ, ಮೇರಿ ಮಾತೆ ಆಣೆ ಅಲ್ಲ. ಆದ್ರೂ ಎಷ್ಟು ಕೆಟ್ಟ ಪದ ಆಗಿತ್ತು ಅಂದ್ರೆ 1914ರಲ್ಲಿ ಲಂಡನ್ನಲ್ಲಿ ಬರ್ನಾರ್ಡ್ ಶಾ ಬರೆದ ಪಿಗ್ಮಾಲಿಯನ್ ನಾಟಕದ ನಾಯಕಿ ರಂಗದ ಮೇಲೆ ಅದನ್ನ ಹೇಳಿದಾಗ ದೊಡ್ಡ ಗಲಾಟೆ, ಪೇಪರ್‌ಗಳಲ್ಲೆಲ್ಲ ಅದೇ ಸುದ್ದಿ, ಆಮೇಲೆ ಜನ ಬ್ಲಡಿ ಅನ್ನೋ ಜಾಗದಲ್ಲಿ ತಮಾಷೆಗೆ ‘ಪಿಗ್ಮಾಲಿಯನ್’ ಅಂತಾನೇ ಹೇಳೋಕೆ ಶುರುಮಾಡಿದ್ರು. ಇನ್ನು ಡಿಕನ್ಸ್, ಆ ಮಾತು ಶೇಕ್ಸ್‌ಪಿಯರ್‌ನ ವಿಂಡ್ಸರ್ ಹೆಂಗಸರ ನಾಟಕದಲ್ಲೇ ಇದೆ, ಕಾದಂಬರಿಕಾರ ಹುಟ್ಟಿದ್ದು 1812ರಲ್ಲಿ. ಅಲ್ಲಿ ಡಿಕನ್ಸ್ ಅಂದ್ರೆ ಸೈತಾನ. ಸೈತಾನನ ಹೆಸರಿಗೂ ಮುಸುಕು ಹಾಕ್ತಿದ್ರು, ಕರೆದ್ರೆ ಬಂದ್ಬಿಡ್ತಾನೆ ಅನ್ನೋ ಭಯಕ್ಕೆ.

ಪ್ರಶ್ನೆ: ನಾನು ಗಾಶ್ ಅಂತ ಬಳಸಿದ್ರೆ ತಪ್ಪಾಗುತ್ತಾ? ಇಂಟರ್‌ವ್ಯೂನಲ್ಲಿ?

ಉತ್ತರ: ತಪ್ಪೇನಿಲ್ಲ, ಅದಕ್ಕಿಂತ ಮೆತ್ತಗಿನ ಉದ್ಗಾರ ಇಂಗ್ಲಿಷಲ್ಲಿ ಹುಡುಕೋದೇ ಕಷ್ಟ, ಗಾಶ್ ಅಂದ್ರೆ ಯಾರೂ ನೊಂದ್ಕೊಳಲ್ಲ. ದೇವಭಕ್ತ ಕ್ರೈಸ್ತರಲ್ಲಿ ಕೆಲವರು ಮಾತ್ರ ಮುಸುಕು ಹಾಕಿದ್ರೂ ಒಳಗಿರೋನು ಅವನೇ ತಾನೇ ಅಂತ ಮಕ್ಕಳಿಗೆ ಗಾಶ್ ಅನ್ನೋಕೂ ಬಿಡಲ್ಲ. ಬ್ಲೈಮಿ, ಕ್ರೈಕಿ ಅಮೆರಿಕದವರ ಹತ್ರ ಬೇಡ, ನಾಟಕ ಆಡಿದಂಗಿರುತ್ತೆ. ಜೀಜ್‌ನಲ್ಲಿ ಸ್ವಲ್ಪ ಕಿರಿಕಿರಿ, ಬೇಸರದ ದನಿ ಇದೆ, ಬಾಸ್ ಮಾತು ಮುಗಿಸಿದ ಕೂಡಲೇ ಜೀಜ್ ಅನ್ಬೇಡಿ. ಗಾಲಿ ಅಂದ್ರೆ ಅಜ್ಜನ ಕಾಲದ ಪದ ಅಂತ ನಗ್ತಾರೆ. ಇಂಟರ್‌ವ್ಯೂನಲ್ಲಿ ಸುಮ್ನಿರೋದು ಒಳ್ಳೇದು, ಸಂಬಳ ಹೇಳಿದಾಗ ಬೇಕಾದ್ರೆ ಮನಸ್ಸಲ್ಲೇ ಗಾಶ್ ಅಂದ್ಕೊಳ್ಳಿ.

ಪ್ರಶ್ನೆ: ಇಂಗ್ಲಿಷಲ್ಲಿ ಹೀಗೆ ದೇವರು ಅಡಗಿರೋ ಪದ ಇನ್ನು ಯಾವ್ದಾದ್ರೂ ಇದೆಯಾ?

ಉತ್ತರ: ದಿನಾ ಫೋನ್ ಇಡೋವಾಗ ನೀವೇ ಹೇಳ್ತೀರಿ, ಗುಡ್‌ಬೈ. ಇದು ಹೆದರಿ ಮುಚ್ಚಿಟ್ಟಿದ್ದಲ್ಲ, ಸವೆದು ಸವೆದು ಮುಚ್ಚಿಹೋಗಿದ್ದು. ‘ಗಾಡ್ ಬಿ ವಿತ್ ಯೀ’, ದೇವರು ನಿಮ್ಮ ಜೊತೆಗಿರಲಿ, ಅನ್ನೋದನ್ನ ಅವಸರದಲ್ಲಿ ಹೇಳ್ತಾ ಹೇಳ್ತಾ 16ನೇ ಶತಮಾನದ ಕೊನೆಗೆ ‘ಗಾಡ್‌ಬ್‌ವೈ’ ಅಂತ ಆಗಿತ್ತು, ಆಮೇಲೆ ಗುಡ್ ಡೇ, ಗುಡ್ ಈವನಿಂಗ್ ಇವುಗಳ ಸಹವಾಸದಲ್ಲಿ ಗಾಡ್ ಹೋಗಿ ಗುಡ್ ಬಂದು ಕೂತ್ಕೊಂಡ್ತು. ಈಗಂತೂ ಗುಡ್ ಕೂಡ ಬಿಟ್ಟು ಬರೀ ಬೈ ಅಂತೀವಿ. ಆ ಬೈನಲ್ಲಿ ಉಳಿದಿರೋದು ‘ಬಿ ವಿತ್ ಯೀ’ ಅನ್ನೋ ಅಷ್ಟು ಚೂರು, ‘ಜೊತೆಗಿರಲಿ’ ಅಂತ. ಯಾರು ಜೊತೆಗಿರಲಿ ಅನ್ನೋದೇ ಬಿದ್ದುಹೋಗಿದೆ.